ಅಜ್ಜನ ಸೈಕಲ್ಲಿಗೊಂದು ಜಾಗ

ಮೊದಲೇ ಹೇಳಿಬಿಡ್ತೀವಿ, ನಾವು ಮೂವರೂ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಪರೀಕ್ಷೆ ಬಿಟ್ಟರೆ ಕನ್ನಡದಾಗ ಇಷ್ಟುದ್ದ ಬರೀತಿರೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ರೆ ಹೊಟ್ಯಾಗ ಹಾಕ್ಕೋರಿ.

ಮೂರನೇ ಸೆಮಿಸ್ಟರಿನಲ್ಲಿ ನಮಗೊಂದು ಡಿಸೈನ್ ಪ್ರಾಜೆಕ್ಟ್ ಇತ್ತು. ನಿಮ್ಮೂರಿನ ಒಂದು ಸಣ್ಣ ತೊಂದರೆ ಹುಡುಕಿ, ಅದಕ್ಕೆ ಏನಾದ್ರೂ ಮಾಡಿ ಅಂತ. ನಾವು ರಾಮದುರ್ಗ ತಾಲ್ಲೂಕಿನ ಸುರೇಬಾನದವರು. ತೊಂದರೆ ಹುಡುಕೋದು ಕಷ್ಟ ಆಗಲಿಲ್ಲ, ಅದು ನಮ್ಮ ಮನೆಯಲ್ಲೇ ಇತ್ತು.

ನಮ್ಮಲ್ಲೊಬ್ಬನ ಅಜ್ಜ ಕೈಮಗ್ಗದ ನೇಕಾರ. ನೂಲಿನ ಗಂಟು, ನೇಯ್ದ ಸೀರೆ, ಗಿರಣಿಯ ಹಿಟ್ಟು ಎಲ್ಲಾ ಒಂದೇ ಸೈಕಲ್ ಮೇಲೆ ಸಾಗಿಸಿದ ಮನುಷ್ಯ. ಹೋದ ವರ್ಷ ಸಂತೆ ದಿನ ಸೈಕಲ್ಲನ್ನು ಗ್ವಾಡಿಗೆ ಆನಿಸಿ ತರಕಾರಿ ಕೊಳ್ಳೋಕೆ ಹೋಗಿದ್ದ. ಅದರ ಹಿಂದೆಯೇ ಯಾರೋ ಒಂದು ಬೈಕ್ ಹಚ್ಚಿದರು. ಬೈಕ್ ತೆಗೆಯೋವಾಗ ಹ್ಯಾಂಡಲ್ ಸಿಕ್ಕು ಸೈಕಲ್ ಗಟಾರಕ್ಕೆ ಬಿತ್ತು. ಕ್ಯಾರಿಯರ್ ಮೇಲಿದ್ದ ಜೋಳದ ಹಿಟ್ಟಿನ ಚೀಲವೂ ಬಿತ್ತು. ಅಜ್ಜ ಬಂದು ನೋಡಿದಾಗ ಗಟಾರದ ನೀರು ಬೆಳ್ಳಗಾಗಿತ್ತಂತೆ. ಯಾರನ್ನೂ ಬೈಯಲಿಲ್ಲ. ಮನೆಗೆ ಬಂದು, "ಈಗ ಸೈಕಲ್ಲಿಗೆ ಜಾಗ ಇಲ್ಲಪಾ," ಅಂದ. ಆಮೇಲೆ ಪ್ಯಾಟಿಗೆ ಸೈಕಲ್ ಒಯ್ಯೋದೇ ಬಿಟ್ಟ. ಯಾರಾದ್ರೂ ಬೈಕ್ ಮೇಲೆ ಕರ್ಕೊಂಡು ಹೋದ್ರೆ ಹೋಗ್ತಾನೆ, ಇಲ್ಲಾಂದ್ರೆ ಇಲ್ಲ. ಕರ್ಕೊಂಡು ಹೋಗ್ರಿ ಅಂತ ಕೇಳೋ ಜಾತಿಯವನಂತೂ ಅಲ್ಲ.

ಆ ಬೈಕ್ ಹಚ್ಚಿದವನು ನಮ್ಮ ಮೂವರಲ್ಲೇ ಒಬ್ಬ. ಯಾರು ಅಂತ ಬರೆಯೋದಿಲ್ಲ. ಅಜ್ಜನಿಗೂ ಇನ್ನೂ ಹೇಳಿಲ್ಲ. ಈ ಲೇಖನದ ತುಂಬಾ 'ನಾವು' ಅಂತ ಇರೋದು ಅದಕ್ಕೇ.

ಗೂಗಲ್‌ನಲ್ಲಿ ಹುಡುಕಿದಾಗ ನ್ಯೂಯಾರ್ಕಿನ ಕಥೆ ಸಿಕ್ಕಿತು. ಟಾಕಿಂಗ್ ಹೆಡ್ಸ್ ಬ್ಯಾಂಡಿನ ಡೇವಿಡ್ ಬೈರ್ನ್ ಅಂತ ಹಾಡುಗಾರ, ದೊಡ್ಡ ಸೈಕಲ್ ಹುಚ್ಚ. 2008ರಲ್ಲಿ ಆ ಊರಿಗೆ 9 ಸೈಕಲ್ ರ್ಯಾಕ್ ಡಿಸೈನ್ ಮಾಡಿಕೊಟ್ಟ. ವಾಲ್ ಸ್ಟ್ರೀಟಿಗೆ ಡಾಲರ್ ಗುರುತು, ವಿಲಿಯಮ್ಸ್‌ಬರ್ಗಿಗೆ ಗಿಟಾರ್, ಹೀಗೆ ಆಯಾ ಜಾಗಕ್ಕೆ ತಕ್ಕ ಆಕಾರ. ನೋಡಿದ್ದೇ ತಡ, ನಮ್ಮೂರಿಗೂ ಒಂದು ಆಕಾರ ಬೇಕು ಅನ್ನಿಸಿತು. ಹತ್ತಿರದಲ್ಲೇ ಶಬರಿಕೊಳ್ಳ ಇದೆ, ಶಬರಿ ರಾಮನಿಗಾಗಿ ಕಾದಿದ್ದು ಅಲ್ಲೇ ಅಂತ ನಮ್ಮ ಕಡೆಯ ನಂಬಿಕೆ. ಹಾಗಾಗಿ ಬಾರಿಹಣ್ಣಿನ ಗಿಡ! ಕೊಂಬೆ ಕೊಂಬೆಯ ನಡುವೆ ಒಂದೊಂದು ಮುಂದಿನ ಗಾಲಿ ತೂರಿಸಬೇಕು, ತುದಿಗೆ ಕೆಂಪು ಬಣ್ಣದ ಹಣ್ಣು. ಎರಡು ರಾತ್ರಿ ಕೂತು ಕ್ಯಾಡ್‌ನಲ್ಲಿ ಬಿಡಿಸಿದೆವು. ಸುಳ್ಳು ಯಾಕೆ, ಬಹಳ ಚಂದ ಬಂದಿತ್ತು.

ರಜೆಯಲ್ಲಿ ಊರಿಗೆ ಹೋಗಿ ಜನರನ್ನು ಕೇಳೋಕೆ ಶುರು ಮಾಡಿದೆವು. "ಬೈಕ್ ರ್ಯಾಕ್ ಬೇಕೇನ್ರಿ?" ಅಂದ್ರೆ ಎಲ್ಲರೂ ಹೀರೋ ಹೊಂಡಾ ಕಡೆ ನೋಡ್ತಾರೆ. "ಸೈಕಲ್ ಸ್ಟ್ಯಾಂಡ್" ಅಂದ್ರೆ, "ರೊಕ್ಕ ಎಷ್ಟ ತಗೋತೀರಿ?" ಅಂತಾರೆ. ಒಬ್ಬ ಅಕ್ಕ ತನ್ನ ಸೈಕಲ್ಲಿನ ಮುರಿದ ಸ್ಟ್ಯಾಂಡ್ ತೋರಿಸಿ, "ಇದನ್ನ ರಿಪೇರಿ ಮಾಡ್ತೀರೇನು?" ಅಂದ್ಲು. ನಮ್ಮ ವಸ್ತುವಿಗೆ ಊರಲ್ಲಿ ಹೆಸರೇ ಇರಲಿಲ್ಲ.

ಕೇಳೋದು ಬಿಟ್ಟು, ಚಹಾದಂಗಡಿಯಲ್ಲಿ ಕೂತು ಒಂದಿಡೀ ಸಂತೆ ನೋಡಿದೆವು. ನಾವು ಹುಟ್ಟಿ ಬೆಳೆದ ರಸ್ತೆ, ಆದ್ರೆ ಹೀಗೆ ಯಾವತ್ತೂ ನೋಡಿರಲಿಲ್ಲ. ಸೈಕಲ್ ತಂದವರು ಅದನ್ನು ಎಲ್ಲೂ ನಿಲ್ಲಿಸೋದೇ ಇಲ್ಲ! ಒಂದು ಕೈಯಲ್ಲಿ ಹ್ಯಾಂಡಲ್ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಬದನೆಕಾಯಿ ಆರಿಸ್ತಾರೆ. ರೊಕ್ಕ ಎಣಿಸೋವಾಗ ಸೈಕಲ್ ಸೊಂಟಕ್ಕೆ ಆನಿಸ್ಕೋತಾರೆ. ಬಂದ ಸೈಕಲ್ಲುಗಳಲ್ಲಿ ಸುಮಾರು ಲೇಡೀಸ್ ಸೈಕಲ್, ಓಡಿಸೋರು ಗಂಡಸರು. ಸರ್ಕಾರ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಕೊಡುತ್ತಾ ಬಂದ ಸೈಕಲ್ಲುಗಳು ಇವು. ಮಗಳ ಶಾಲೆ ಮುಗಿದ ಮೇಲೆ ಅಪ್ಪನ ಪಾಲಿಗೆ ಬಂದಿವೆ. ನಾವು ಪ್ರೈವೇಟ್ ಶಾಲೆಯವರು, ಆ ಸೈಕಲ್ ನಮಗೆ ಸಿಕ್ಕಿರಲಿಲ್ಲ. ಎಂಟನೇ ಕ್ಲಾಸಿನಲ್ಲಿ ಅದಕ್ಕೆ ಹೊಟ್ಟೆಕಿಚ್ಚು ಪಟ್ಟಿದ್ದೂ ನೆನಪಾಯ್ತು.

ಡ್ರಾಯಿಂಗ್ ತಗೊಂಡು ವೆಲ್ಡಿಂಗ್ ಅಂಗಡಿ ಕಾಕಾನ ಹತ್ತಿರ ಹೋದೆವು. ಕಾಕಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಗಿಡ ಚಂದ ಐತಿ ತಮ್ಮಾ. ಆದ್ರ ಇದು ಮುಂದಿನ ಗಾಲಿ ಅಷ್ಟ ಹಿಡಿತೈತಿ. ಹಿಂದ ಚೀಲ ಹೇರಿದ್ರ ಸೈಕಲ್ ವಾಲಿ ರಿಮ್ ಔಟ್ ಆಕ್ಕೈತಿ."

ಮಾತು ನೂರಕ್ಕೆ ನೂರು ಸರಿ. ಸೈಕಲ್ಲನ್ನು ಫ್ರೇಮಿನಲ್ಲಿ ಹಿಡಿಯಬೇಕು, ಗಾಲಿಯಲ್ಲಲ್ಲ. ನಾವು ಮೆಕ್ಯಾನಿಕಲ್ ಹುಡುಗರು, ಇದು ನಮಗೆ ಹೊಳೆಯಬೇಕಿತ್ತು. ಅಜ್ಜನಿಗೂ ತೋರಿಸಿದೆವು. ಆತ ಗಿಡ ನೋಡಿ ನಕ್ಕ. "ಎರಡೂ ಕೈ ಬಿಟ್ಟರ ಬೀಳಬಾರದು. ಅಷ್ಟ ಮಾಡ್ರಿ."

ಕೊನೆಗೆ ಮಾಡಿದ್ದು ಬೋರಲು ಹಾಕಿದ 'ಯು'. ಇಂಗ್ಲೆಂಡಿನಲ್ಲಿ ಇದಕ್ಕೆ ಶೆಫೀಲ್ಡ್ ಸ್ಟ್ಯಾಂಡ್ ಅಂತಾರೆ. ಒಂದೂವರೆ ಇಂಚಿನ ಜಿಐ ಪೈಪು, ನೆಲದಿಂದ 75 ಸೆಂಟಿಮೀಟರ್ ಎತ್ತರ, ಅಷ್ಟೇ ಅಗಲ, ಎರಡೂ ಕಾಲು 30 ಸೆಂಟಿಮೀಟರ್ ಕಾಂಕ್ರೀಟಿನೊಳಗೆ. ಆ ಕಡೆ ಒಂದು, ಈ ಕಡೆ ಒಂದು ಸೈಕಲ್ ಆನಿಸಬಹುದು, ಫ್ರೇಮಿಗೇ ಕೀಲಿ ಹಾಕಬಹುದು, ಲೇಡೀಸ್ ಸೈಕಲ್ಲಿಗೂ ನಡೀತದೆ. 6 ಮೀಟರಿನ ಒಂದು ಪೈಪಿನಲ್ಲಿ ಎರಡು ಆಗ್ತವೆ. ಮೀಟರಿಗೊಂದರಂತೆ ಹುಗಿದರೆ ಒಂದು ಕಾರು ನಿಲ್ಲೋ ಜಾಗದಲ್ಲಿ 10 ಸೈಕಲ್ ಹಿಡಿಸ್ತವೆ. ಕಾಕಾ ಹಳೇ ಪೈಪು ಕೊಟ್ಟರು, ಕೂಲಿ ಬೇಡ ಅಂದರು, ಮೂರು ಸಲ ಚಹಾ ಮಾತ್ರ ತರಿಸಿಕೊಂಡರು.

ಪ್ರಾಜೆಕ್ಟಿಗೆ 50ಕ್ಕೆ 31 ಬಂತು. 'ಹೊಸತನ ಕಡಿಮೆ' ಅಂತ ಷರಾ. ಗಿಡದ ಚಿತ್ರ ಕೊಟ್ಟಿದ್ರೆ 45 ಬರ್ತಿತ್ತೇನೋ, ಗೊತ್ತಿಲ್ಲ.

ಒಂದು ಸ್ಟ್ಯಾಂಡನ್ನು ಮಾಮಾನ ಕಿರಾಣಿ ಅಂಗಡಿ ಮುಂದೆ, ಅವರದೇ ಜಾಗದಲ್ಲಿ ಹುಗಿದು ಬಂದೆವು. ಮುಂದಿನ ತಿಂಗಳು ಊರಿಗೆ ಹೋದಾಗ ಬಸ್ ಇಳಿದು ಸೀದಾ ಅಲ್ಲಿಗೇ ಹೋದೆವು. ಪೈಪಿಗೆ ಯಾರೋ ಒಂದು ಆಡು ಕಟ್ಟಿದ್ರು. ನಮ್ಮ ಮುಖ ನೋಡಿ ಮಾಮಾ ಜೋರಾಗಿ ನಕ್ಕು, "ಆ ಕಡೆ ನೋಡ್ರೋ," ಅಂದರು. ಆಡಿನ ಆಚೆ ಬದಿಗೆ ಅಜ್ಜನ ಸೈಕಲ್ ಆನಿಸಿತ್ತು, ಕ್ಯಾರಿಯರ್ ಮೇಲೆ ಹಿಟ್ಟಿನ ಚೀಲ. ಆಡು ಚೀಲದ ಮೂಲೆ ನೆಕ್ಕುತ್ತಿತ್ತು. ಅಜ್ಜ ಎದುರಿನ ಅಂಗಡಿಯಲ್ಲಿ ಎರಡೂ ಕೈಯಲ್ಲಿ ಬದನೆಕಾಯಿ ಆರಿಸ್ತಿದ್ದ.