ಟಿಬೆಟಿನ ಮಾತು ನಮಗೇಕೆ?

ಕಳೆದ ಡಿಸೆಂಬರ್ 10ರಂದು, ಮಾನವ ಹಕ್ಕುಗಳ ದಿನದಲ್ಲಿ, ನಮ್ಮ ಮೇಲಿನ ತರಗತಿಗಳ ಹುಡುಗಿಯರು ಟಿಬೆಟಿನ ನಿರಾಶ್ರಿತರ ಪರವಾಗಿ ಕೆಲವು ನಿಮಿಷ ಮೌನವಾಗಿ ನಿಂತುದನ್ನು ತಾವು ಕೇಳಿರಬಹುದು. ಔರಾದಿನ ಪೋಷಕರೊಬ್ಬರು ಬಂದು, “ಅಮ್ಮನವರೇ, ಬೀದರ್ ಎಲ್ಲಿ, ಟಿಬೆಟ್ ಎಲ್ಲಿ? ನಮ್ಮ ಮಕ್ಕಳಿಗೇಕೆ ಈ ಉಸಾಬರಿ?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಅನೇಕರ ಮನಸ್ಸಿನಲ್ಲಿಯೂ ಅದು ಇದ್ದೀತೆಂದು ಉತ್ತರವನ್ನು ಇಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ, ಟಿಬೆಟಿನವರು ದೂರದವರಲ್ಲ. 1959ರ ಮಾರ್ಚಿಯಲ್ಲಿ ದಲೈ ಲಾಮಾ ಅವರು ಲಾಸಾವನ್ನು ಬಿಟ್ಟು ಭಾರತಕ್ಕೆ ಬಂದ ತರುವಾಯ, ಅಂದಿನ ಮೈಸೂರು ಸರಕಾರವು ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕಾಡುನೆಲವನ್ನು ಅವರ ಜನರಿಗೆ ಕೊಟ್ಟಿತು. ಹಿಮದ ನಾಡಿನವರು ನಮ್ಮ ಬಿಸಿಲಿನಲ್ಲಿ ಕಾಡು ಕಡಿದು ಮೆಕ್ಕೆಜೋಳ ಬೆಳೆದರು. ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳ ವಸತಿಗಳು ಆಮೇಲಿನವು. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರು ಮಾರುವ ಅವರ ಹೆಂಗಸರನ್ನು ನೀವು ಕಂಡಿರುವಿರಿ, ಚೌಕಾಸಿಯನ್ನೂ ಮಾಡಿರುವಿರಿ.

ಆದರೆ ನನ್ನ ಮನಸ್ಸನ್ನು ಹಿಡಿದುದು, ಅಧ್ಯಾಪಕಿಯಾದುದರಿಂದಲೋ ಏನೋ, ಪಾಠಶಾಲೆಯ ಸಂಗತಿ. ತಾಶಿ ವಾಂಗ್‌ಚುಕ್ ಎಂಬ ಟಿಬೆಟಿನ ಅಂಗಡಿಕಾರರು, ತಮ್ಮ ಕಡೆಯ ಮಕ್ಕಳಿಗೆ ತಾಯ್ನುಡಿಯ ವಿದ್ಯೆ ದೊರೆಯುತ್ತಿಲ್ಲವೆಂದು 2015ರಲ್ಲಿ ಅಮೆರಿಕದ ಪತ್ರಿಕೆಯೊಂದರ ಮುಂದೆ ಹೇಳಿದರು. 2016ರ ಜನವರಿಯಲ್ಲಿ ಅವರನ್ನು ಹಿಡಿದರು; 2018ರಲ್ಲಿ ಐದು ವರ್ಷದ ಸೆರೆವಾಸ ವಿಧಿಸಿದರು; ಬಿಡುಗಡೆಯಾದುದು 2021ರಲ್ಲಿ. ಸುಮಾರು ಹತ್ತು ಲಕ್ಷ ಟಿಬೆಟನ್ ಮಕ್ಕಳು ಮನೆಯವರಿಂದ ಬೇರೆಯಾಗಿ ಸರಕಾರಿ ವಸತಿಶಾಲೆಗಳಲ್ಲಿರುವರೆಂದು ವಿಶ್ವಸಂಸ್ಥೆಯ ತಜ್ಞರು 2023ರಲ್ಲಿ ಕಳವಳಪಟ್ಟರು. ವಸತಿಶಾಲೆಯಲ್ಲಿ ಬೆಳೆದ ನಾನು ಅಂಥ ಶಾಲೆಗಳನ್ನು ಹಳಿಯುವವಳಲ್ಲ. ಆದರೆ ನನ್ನನ್ನು ಕಳುಹಿಸಿದವರು ನನ್ನ ತಾಯಿ, ರಜೆಗೆ ಮನೆಗೆ ಹೋದಾಗ ಅವಳ ಮಾತು ನನಗೆ ತಿಳಿಯುತ್ತಿತ್ತು.

ಇದನ್ನು ಓದಿದಾಗ ಭಾಲ್ಕಿ ನೆನಪಾಗದಿರುವುದೆಂತು? ನಿಜಾಮರ ಆಳಿಕೆಯಲ್ಲಿ ಶಾಲೆಯ ಭಾಷೆ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ, ಒಳಗೆ ಕನ್ನಡ ಕಲಿಸಿದರು. (ಉರ್ದುವಿನ ಮೇಲೆ ನನಗೆ ಮುನಿಸಿಲ್ಲ, ನಮ್ಮ ಬೀದರಿನ ಮಾತಿನ ಸವಿಯಲ್ಲಿ ಅದರ ಪಾಲು ದೊಡ್ಡದು.) ಹಾಗೆಯೇ ನಮ್ಮ ಹುಡುಗಿಯರು ಚೀನದ ಜನರನ್ನು ಬಯ್ಯಲು ನಿಂತವರಲ್ಲ, ಅಂಥ ಘೋಷಣೆಗೆ ನಾನು ಅನುಮತಿ ಕೊಡುವುದೂ ಇಲ್ಲ.

ಬರುವ ವರ್ಷ ಮುಂಡಗೋಡದ ಟಿಬೆಟನ್ ಬಾಲಕಿಯರಿಗೆ ಪತ್ರ ಬರೆಯಬೇಕೆಂದು ಹತ್ತನೆಯ ತರಗತಿಯವರು ನಿಶ್ಚಯಿಸಿದ್ದಾರೆ. ಯಾವ ಭಾಷೆಯಲ್ಲಿ ಬರೆಯುವುದೆಂಬ ಚರ್ಚೆ ಮಾತ್ರ ಇನ್ನೂ ಮುಗಿದಿಲ್ಲ.