ಕೊಬ್ಬರಿಗೊಂದು ರೂಲ್ಸು, ನಿನಗೊಂದು ರೂಲ್ಸಾ?

ಕಳೆದ ವರ್ಷ ಏಪ್ರಿಲ್‌ನಲ್ಲಿ ಅಕ್ಕನಿಗೆ ಹೆರಿಗೆ ಆಯ್ತು. ಭಾವನಿಗೆ ಗುವಾಹಟಿಗೆ ವರ್ಗವಾಗಿದ್ದರಿಂದ ಬಾಣಂತನಕ್ಕೆ ಅಮ್ಮನೇ ಅಲ್ಲಿಗೆ ಹೋಗಬೇಕಿತ್ತು. ಬಿಟ್ಟು ಬರೋಕೆ ನಾನು ಎರಡು ದಿನ ರಜೆ ಹಾಕಿದೆ.

ತಿಪಟೂರಿನಿಂದ ಬಂದ ಅಮ್ಮನ ಬ್ಯಾಗಿನಲ್ಲಿ ಅಂಟಿನುಂಡೆ, ಬಾಣಂತಿ ಖಾರದ ಪುಡಿ, ಬೆಳ್ಳುಳ್ಳಿ, ಜೊತೆಗೆ ಎರಡು ಕೆ.ಜಿ. ಕೊಬ್ಬರಿ. "ಅಮ್ಮಾ, ಫ್ಲೈಟಲ್ಲಿ ಒಣಕೊಬ್ಬರಿ ಬಿಡಲ್ಲ. ಎಣ್ಣೆ ಅಂಶ ಜಾಸ್ತಿ, ಬೇಗ ಬೆಂಕಿ ಹತ್ತಿಕೊಳ್ಳುತ್ತೆ" ಅಂದೆ. "ತಿಪಟೂರಿನವಳಿಗೆ ಕೊಬ್ಬರಿ ಬಿಟ್ಟು ಹೋಗು ಅಂತೀಯಲ್ಲೋ" ಅಂತ ಗೊಣಗಿದಳು. ರೂಲ್ಸ್ ಅಂದ್ರೆ ರೂಲ್ಸ್ ಅಂತ ನಾನೇ ಅದನ್ನೆಲ್ಲ ತೆಗೆದಿಟ್ಟೆ.

ಅಮ್ಮನಿಗೆ ಅದು ಮೊದಲ ವಿಮಾನ. ನನಗೆ ಎಷ್ಟನೆಯದೋ ಲೆಕ್ಕವಿಲ್ಲ. ಗಗನಸಖಿ ಬೆಲ್ಟ್ ಹಾಕುವುದನ್ನು ತೋರಿಸುವಾಗ ಅಮ್ಮ ಕ್ಲಾಸಿನಲ್ಲಿ ಕೂತ ಹುಡುಗಿಯ ಹಾಗೆ ಕಣ್ಣು ಮಿಟುಕಿಸದೆ ನೋಡಿದಳು. ನಾನು ಮೊಬೈಲ್ ನೋಡ್ತಿದ್ದೆ.

ಮೇಲೇರಿದ ಮೇಲೆ ಬೆಲ್ಟಿನ ಲೈಟ್ ಆರಿತು. ಟಕ್ ಅಂತ ನನ್ನದು ಬಿಚ್ಚಿದೆ. "ನೀನೂ ತೆಗಿಯಮ್ಮ, ಆರಾಮಾಗಿ ಕೂತ್ಕೋ" ಅಂದೆ. "ಕೂತಿರೋವಷ್ಟು ಹೊತ್ತೂ ಹಾಕ್ಕೊಂಡಿರಿ ಅಂತ ಆ ಹುಡುಗಿ ಹೇಳಲಿಲ್ವಾ?" ಅಂದಳು. "ಅದು ಸುಮ್ನೆ ಹೇಳ್ತಾರಮ್ಮ." ಅವಳು ನನ್ನ ಮುಖ ನೋಡಿದಳು. "ಕೊಬ್ಬರಿಗೊಂದು ರೂಲ್ಸು, ನಿನಗೊಂದು ರೂಲ್ಸಾ?" ನಾನು ನಕ್ಕುಬಿಟ್ಟೆ. ನಿಜ ಹೇಳಬೇಕಂದ್ರೆ, ಮೊದಲ ಸಲ ಬಂದವರ ಭಯ ಅಂದುಕೊಂಡು ನಕ್ಕಿದ್ದು.

ಎರಡು ಗಂಟೆ ಏನೂ ಆಗಲಿಲ್ಲ. ಸಂಜೆ ಬಿಸಿಲು, ದೂರದಲ್ಲಿ ಹೂಕೋಸಿನ ಹಾಗೆ ಎದ್ದುನಿಂತ ಬಿಳಿ ಮೋಡ. ಅಮ್ಮ ಅದನ್ನೇ ನೋಡುತ್ತಿದ್ದಳು. ಕಾಫಿ ಗಾಡಿ ನಮ್ಮ ಹಿಂದಿನ ಸಾಲಿಗೆ ಹೋಗಿತ್ತು.

ಮೊದಲು ಸಣ್ಣಗೆ ಒಂದು ನಡುಕ. ಬೆಲ್ಟಿನ ಲೈಟ್ ಹತ್ತಿತು. ನಾನು ಕೈ ಕೆಳಗೆ ಹಾಕಿ ಬೆಲ್ಟ್ ಹುಡುಕುತ್ತಿದ್ದೆ, ಅಷ್ಟರಲ್ಲಿ ಹಗ್ಗ ಕಡಿದ ಬಿಂದಿಗೆ ಬಾವಿಗೆ ಬಿದ್ದಂತೆ ವಿಮಾನ ಕೆಳಗೆ ಹೋಯಿತು. ನಾನು ಮಾತ್ರ ಹೋಗಲಿಲ್ಲ. ತಲೆ ಮೇಲಿನ ಲೈಟು, ಗಾಳಿ ಬರೋ ಜಾಗಕ್ಕೆ ಧಡ್ ಅಂತ ಬಡಿದೆ. ಮತ್ತೆ ಕೆಳಗೆ, ಸೀಟಿನ ಕೈ ಮೇಲೆ. ಲೋಟಗಳು, ಯಾರದೋ ಚಪ್ಪಲಿ, ಬಿಸಿ ಕಾಫಿ ಎಲ್ಲ ಗಾಳಿಯಲ್ಲಿ. ಕೂಗಾಟ. ಗಗನಸಖಿ ನೆಲಕ್ಕೆ ಬಿದ್ದಿದ್ದಳು. ಪಕ್ಕದ ಸಾಲಿನವರೊಬ್ಬರು ಅವಳ ಭುಜ ಒತ್ತಿ ಹಿಡಿದುಕೊಂಡಿದ್ದರು. ಇನ್ನೊಂದು ಸಲ ಬಿದ್ದೆವು. ಈ ಸಲ ನಾನು ಅಷ್ಟು ಮೇಲೆ ಹೋಗಲಿಲ್ಲ. ನೋಡಿದರೆ, ಅಮ್ಮ ನನ್ನ ಶರ್ಟನ್ನು ಎರಡು ಕೈಯಲ್ಲೂ ಮುಷ್ಟಿ ಕಟ್ಟಿ ಹಿಡಿದಿದ್ದಳು. ಅವಳು ಸೀಟು ಬಿಟ್ಟು ಒಂದಿಂಚೂ ಅಲುಗಿರಲಿಲ್ಲ.

ಹುಬ್ಬಿನ ಮೇಲೆ ಸೀಳಿ ರಕ್ತ ಸುರೀತಿತ್ತು. ಇಳಿಯುವವರೆಗೂ ಅಮ್ಮ ಸೆರಗು ಒತ್ತಿ ಹಿಡಿದಿದ್ದಳು. ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಜಾಸ್ತಿ ನೋವಾಗಿದ್ದು.

ಗುವಾಹಟಿಯಲ್ಲಿ 5 ಹೊಲಿಗೆ ಬಿತ್ತು. ರಾತ್ರಿ ನಿದ್ದೆ ಬರಲಿಲ್ಲ, ಓದುತ್ತಾ ಕೂತೆ. ಮಾರ್ಚ್‌ನಿಂದ ಮೇವರೆಗೆ ಬಂಗಾಳ, ಅಸ್ಸಾಂ ಕಡೆ ಮಧ್ಯಾಹ್ನ ಕಳೆದ ಮೇಲೆ ಏಳುವ ಗುಡುಗು ಬಿರುಗಾಳಿಗೆ ಬಂಗಾಳಿಗಳು ಕಾಲಬೈಸಾಖಿ ಅಂತಾರೆ. ನಾವು ಕಂಡ ಚೆಂದದ ಮೋಡ ಅದರದ್ದೇ ಇರಬೇಕು. ವಿಮಾನದ ರಾಡಾರ್ ಮೋಡದೊಳಗಿನ ನೀರಹನಿ ಕಾಣುತ್ತೆ, ಒಣ ಗಾಳಿಯ ಸುಳಿ ಅದಕ್ಕೆ ಕಾಣಲ್ಲ. ದೊಡ್ಡ ಗುಡುಗು ಮೋಡದಿಂದ ಕನಿಷ್ಠ 20 ನಾಟಿಕಲ್ ಮೈಲಿ, ಅಂದ್ರೆ ಸುಮಾರು 37 ಕಿ.ಮೀ. ದೂರ ಇರಿ ಅಂತ ಪೈಲಟ್‌ಗಳಿಗೆ ಹೇಳೋದು ಇದಕ್ಕೇ. ಆಕಾಶ ತಿಳಿಯಾಗಿದೆ ಅಂದ ಮಾತ್ರಕ್ಕೆ ಗಾಳಿ ಸುಮ್ಮನಿದೆ ಅಂತಲ್ಲ.

2024ರ ಮೇ 21ರಂದು ಲಂಡನ್‌ನಿಂದ ಸಿಂಗಾಪುರಕ್ಕೆ ಹೋಗುತ್ತಿದ್ದ ಸಿಂಗಾಪುರ್ ಏರ್‌ಲೈನ್ಸ್ ವಿಮಾನ ಮ್ಯಾನ್ಮಾರ್ ಮೇಲೆ ಹೀಗೇ ಸಿಕ್ಕಿಕೊಂಡಿತ್ತು. ಒಬ್ಬರು ತೀರಿಕೊಂಡರು, ಹಲವರಿಗೆ ತೀವ್ರ ಗಾಯ. ಆಮೇಲೆ ಬಂದ ಪ್ರಾಥಮಿಕ ತನಿಖೆಯ ಪ್ರಕಾರ ವಿಮಾನ 178 ಅಡಿ ಇಳಿದದ್ದು ಬರೀ 4.6 ಸೆಕೆಂಡಿನಲ್ಲಿ. ನನಗೆ ಬೆಲ್ಟ್ ಹುಡುಕೋಕೆ ಅಷ್ಟೂ ಸಮಯ ಸಿಕ್ಕಿರಲಿಲ್ಲ.

ಹಾಗಂತ ವಿಮಾನ ಮುರಿಯುತ್ತೆ ಅಂತ ಹೆದರಬೇಕಿಲ್ಲ. ಹಾರಾಟದಲ್ಲಿ ಎದುರಾಗಬಹುದು ಅಂತ ಲೆಕ್ಕ ಹಾಕಿದ ಗರಿಷ್ಠ ಹೊರೆಯ ಒಂದೂವರೆ ಪಟ್ಟು ತಡೆಯೋ ಹಾಗೆ ರೆಕ್ಕೆ ಕಟ್ಟಿರ್ತಾರೆ. ವಿಮಾನ ತಡ್ಕೊಳ್ಳುತ್ತೆ. ಪೆಟ್ಟು ಬೀಳೋದು ಒಳಗೆ ಬಿಡಿಬಿಡಿಯಾಗಿ ಇರೋ ನಮಗೆ. ದಿನಾ ಆಫೀಸಲ್ಲಿ "ಸಾವಿರಕ್ಕೊಂದು ಸಲ ಆಗೋದಕ್ಕೂ ಕೋಡ್ ಬರೀರಿ" ಅಂತ ಜೂನಿಯರ್‌ಗಳಿಗೆ ಹೇಳೋನು ನಾನು!

ಮೂರು ತಿಂಗಳಾದ ಮೇಲೆ ಅಮ್ಮನನ್ನು ಕರ್ಕೊಂಡು ಬರೋಕೆ ಹೋದೆ. ಹೋಗೋ ಫ್ಲೈಟಲ್ಲಿ ಸಣ್ಣ ಅಲುಗಾಟಕ್ಕೂ ಅಂಗೈ ಬೆವರುತ್ತಿತ್ತು. "ವಾಪಸ್ ರೈಲಲ್ಲಿ ಹೋಗೋಣ್ವಾ ಅಮ್ಮ, ನಿನಗೆ ಭಯ ಆಗಬಹುದು" ಅಂದೆ. ಎರಡು ದಿನಕ್ಕೂ ಹೆಚ್ಚಿನ ದಾರಿ. ಅಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಾ, "ನನಗಾ, ನಿನಗಾ?" ಅಂದಳು.

ವಿಮಾನದಲ್ಲೇ ಬಂದೆವು. ಕೂತ ತಕ್ಷಣ ತನ್ನ ಬೆಲ್ಟ್ ಹಾಕಿಕೊಂಡು, ನನ್ನದನ್ನೂ ಎಳೆದು ಬಿಗಿ ಮಾಡಿದಳು. ಸ್ಕೂಲಿಗೆ ಹೋಗುವಾಗ ಬೆಲ್ಟ್ ಹಾಕುತ್ತಿದ್ದಳಲ್ಲ, ಹಾಗೇ. ಲೈಟ್ ಆರಿತು. ಅಕ್ಕಪಕ್ಕ ಟಕ್ ಟಕ್ ಅಂತ ಬೆಲ್ಟ್ ಬಿಚ್ಚೋ ಸದ್ದು. ನಾವಿಬ್ಬರೂ ಬಿಚ್ಚಲಿಲ್ಲ.

ಮುಂದಿನ ಸಲ ವಿಮಾನ ಹತ್ತಿದಾಗ ನೀವೂ ಬಿಚ್ಚಬೇಡಿ. ಪಕ್ಕದಲ್ಲಿ ಅಮ್ಮ ಇದ್ದರಂತೂ ವಾದ ಮಾಡಲೇಬೇಡಿ.