ಸ್ಟ್ರಾಟ್‌ಫರ್ಡ್‌ನ ಕೊನೆಯ ನೂರು ಮೀಟರು

ಅಪ್ಟನ್ ಪಾರ್ಕ್ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಹೊರಬಿದ್ದರೆ ಎದುರಾಗುವ ಗ್ರೀನ್ ಸ್ಟ್ರೀಟು ಲಂಡನ್ನಿನದೇ ಎಂದು ಯಾರಾದರೂ ಆಣೆ ಮಾಡಿ ಹೇಳಬೇಕು. ಸಾಲುಸಾಲು ಸೀರೆ ಅಂಗಡಿ, ಒಡವೆ ಅಂಗಡಿ, ಕ್ವೀನ್ಸ್ ಮಾರ್ಕೆಟ್ಟಿನ ಬೆಂಡೆಕಾಯಿ ರಾಶಿ. ನಾನು ಬಂದದ್ದು ಸೀರೆಗಾಗಿ ಅಲ್ಲ. ಕ್ರಿಸ್ಟೀನ್ ಒಹುರುಗು ಎಂಬ ಓಟಗಾರ್ತಿ ಬೆಳೆದ ಊರನ್ನು ನಡೆದು ನೋಡಬೇಕೆಂದು. ನೈಜೀರಿಯಾ ಮೂಲದ ಇಗ್ಬೊ ದಂಪತಿಯ ಎಂಟು ಮಕ್ಕಳಲ್ಲಿ ಒಬ್ಬಳಾಗಿ 1984ರಲ್ಲಿ ಆಕೆ ಹುಟ್ಟಿದ್ದು ಇದೇ ನ್ಯೂಹ್ಯಾಮ್‌ನಲ್ಲಿ. ಹುಡುಗಿಯಾಗಿದ್ದಾಗ ಆಕೆಗೆ ನೆಟ್‌ಬಾಲಿನ ಹುಚ್ಚು. ಇಂಗ್ಲೆಂಡಿನ ಕಿರಿಯರ ತಂಡದಲ್ಲೂ ಆಡಿದ್ದಳು.

ಆಕೆ ಬೆಳೆದ ಮನೆಯಿಂದ 2012ರ ಒಲಿಂಪಿಕ್ಸ್ ಕ್ರೀಡಾಂಗಣಕ್ಕೆ ಒಂದು ಮೈಲಿಯೂ ಇಲ್ಲ. ಈ ಮಾತನ್ನು ಎಷ್ಟೋ ಸಲ ಓದಿದ್ದೆ. ಆದರೆ ಸ್ಟ್ರಾಟ್‌ಫರ್ಡ್ ಕಡೆಗೆ ಕಾಲೆಳೆಯುತ್ತ ಹೋಗುವಾಗ, ಮನೆಗಳ ಸಾಲು ಮುಗಿದು ಅನೀಶ್ ಕಪೂರ್ ಮತ್ತು ಸೆಸಿಲ್ ಬಾಲ್ಮಂಡ್ ರೂಪಿಸಿದ ಕೆಂಪು ಉಕ್ಕಿನ ಗೋಪುರ ಕಣ್ಣಿಗೆ ಬಿತ್ತಲ್ಲ, ಆಗಲೇ ನನಗೆ ಅದರ ಅರ್ಥ ಹೊಳೆದದ್ದು. ಆಕೆ ಬೆಳೆಯುತ್ತಿದ್ದ ಕಾಲದಲ್ಲಿ ಇಲ್ಲಿದ್ದದ್ದು ಹಳೇ ಕಾರ್ಖಾನೆ, ಕೊಳೆತ ಕಾಲುವೆ, ಎಸೆದ ಫ್ರಿಜ್ಜುಗಳ ಗುಡ್ಡ. ಆಟ ಇಲ್ಲಿಗೆ ಬರುತ್ತದೆಂದು 2005ರಲ್ಲಿ ತೀರ್ಮಾನವಾದ ಮೇಲೆ ವಿಷ ಹಿಡಿದ ಮಣ್ಣನ್ನು ಅಗೆದು ತೆಗೆದು, ಯಂತ್ರಕ್ಕೆ ಹಾಕಿ ತೊಳೆದರು. ಮಣ್ಣನ್ನೇ ತೊಳೆಯುವುದೆಂದರೇನು ಮಾರಾಯರೆ!

ಹಿತ್ತಲಲ್ಲಿ ಅಖಾಡಕ್ಕೆ ನೆಲ ಸಿದ್ಧವಾಗುತ್ತಿದ್ದ ಆ ವರ್ಷಗಳಲ್ಲೇ ಆಕೆ ಕಂಬಿ ತಪ್ಪಿದ್ದು, ಮತ್ತೆ ಕಂಬಿಯೇರಿದ್ದು. ಸ್ಪರ್ಧೆ ಇಲ್ಲದ ದಿನಗಳಲ್ಲೂ ಉದ್ದೀಪನ ಮದ್ದಿನ ಪರೀಕ್ಷಕರು ಹುಡುಕಿಕೊಂಡು ಬರುತ್ತಾರೆ. ತಾನು ಎಲ್ಲಿರುತ್ತೇನೆಂದು ಕ್ರೀಡಾಪಟು ಮೊದಲೇ ತಿಳಿಸಿರಬೇಕು. ಆಕೆ ಮೂರು ಸಲ ಆ ಜಾಗದಲ್ಲಿ ಸಿಗಲಿಲ್ಲ. 2006ರಲ್ಲಿ ಒಂದು ವರ್ಷದ ನಿಷೇಧ ಬಿತ್ತು. ಮದ್ದು ಸೇವಿಸಿದ್ದಕ್ಕೆ ಪುರಾವೆ ಇರಲಿಲ್ಲ. ನಿಯಮ ಮುರಿದದ್ದಂತೂ ನಿಜ. ಎರಡನ್ನೂ ಒಟ್ಟಿಗೆ ಹೇಳದೆ ಆಕೆಯ ಕಥೆ ಹೇಳಿದರೆ ಅದು ಅರ್ಧ ಕಥೆ. ನಿಷೇಧ ಮುಗಿದು ತಿಂಗಳೂ ತುಂಬಿರಲಿಲ್ಲ, ಒಸಾಕಾದಲ್ಲಿ 400 ಮೀಟರನ್ನು 49.61 ಸೆಕೆಂಡಿನಲ್ಲಿ ಓಡಿ ವಿಶ್ವ ಚಾಂಪಿಯನ್ ಆದಳು. ಬ್ರಿಟನ್ನಿನ ಒಲಿಂಪಿಕ್ ಸಂಸ್ಥೆ ಬೇರೆಯಾಗಿ ಹೇರಿದ್ದ ಒಲಿಂಪಿಕ್ಸಿನ ಜೀವಾವಧಿ ನಿಷೇಧವೂ ಮೇಲ್ಮನವಿಯಲ್ಲಿ ಬಿದ್ದುಹೋಯಿತು. ಮರುವರ್ಷ ಬೀಜಿಂಗ್‌ನಲ್ಲಿ ಒಲಿಂಪಿಕ್ ಚಿನ್ನ, 49.62.

ಆ ಬೀಜಿಂಗ್ ಓಟವನ್ನು ನೋಡಿದವರಿಗೆ ಗೊತ್ತು. ಕೊನೆಯ ತಿರುವು ದಾಟುವಾಗ ಅಮೆರಿಕದ ಸಾನ್ಯಾ ರಿಚರ್ಡ್ಸ್ ಮುಂದಿದ್ದಾಳೆ, ಕ್ರಿಸ್ಟೀನ್ ಲೆಕ್ಕಕ್ಕೇ ಇಲ್ಲದಷ್ಟು ಹಿಂದೆ. ಆಮೇಲೆ ಆಕೆ ಎಲ್ಲಿಂದಲೋ ನುಗ್ಗಿ ಬಂದಂತೆ ಕಾಣುತ್ತದೆ. ಅದು ನಮ್ಮ ಕಣ್ಣಿಗಾಗುವ ಮೋಸ. 400 ಮೀಟರಿನ ಕೊನೆಯ ನೂರು ಮೀಟರಿನಲ್ಲಿ ಯಾರೂ ವೇಗ ಹೆಚ್ಚಿಸಿಕೊಳ್ಳುವುದಿಲ್ಲ. ತೊಡೆಗಳು ಕಲ್ಲಾಗುತ್ತವೆ, ಎಲ್ಲರೂ ನಿಧಾನವಾಗುತ್ತಾರೆ. ಆಕೆ ಉಳಿದವರಿಗಿಂತ ಕಡಿಮೆ ನಿಧಾನವಾಗುತ್ತಾಳೆ, ಅಷ್ಟೇ. ಮೊದಲ ಮುನ್ನೂರು ಮೀಟರು ಹಿಂದೆ ಬಿದ್ದರೂ ಗಾಬರಿಯಾಗದೆ ತನ್ನ ಹದದಲ್ಲೇ ಓಡುವುದಿದೆಯಲ್ಲ, ನನಗೆ ಚಿನ್ನಕ್ಕಿಂತ ದೊಡ್ಡ ಅಚ್ಚರಿ ಅದು.

2012ರ ಆಗಸ್ಟ್ 5ರಂದು, ಎಂಬತ್ತು ಸಾವಿರ ಜನರೆದುರು, ತವರಿನಲ್ಲೇ ಆಕೆಯ ಫೈನಲ್. ಅದೇ ಓಟ, ಅದೇ ಕೊನೆಯ ನುಗ್ಗು. ಈ ಸಲ ಸಾನ್ಯಾ ಸಿಗಲಿಲ್ಲ. 49.70, ಬೆಳ್ಳಿ. ಕ್ರೀಡಾಂಗಣ ಈಗ ವೆಸ್ಟ್ ಹ್ಯಾಮ್ ಫುಟ್‌ಬಾಲ್ ಕ್ಲಬ್ಬಿನ ಮನೆ. ಆಕೆ ಓಡಿದ ಟ್ರ್ಯಾಕಿನ ಮೇಲೆ ಮುಂದಕ್ಕೆ ಜರುಗಿಸಿದ ಆಸನಗಳು ಕೂತಿವೆ. ಆ ಕ್ಲಬ್ಬಿನವರೂ ಗ್ರೀನ್ ಸ್ಟ್ರೀಟಿನ ತಮ್ಮ ಹಳೆ ಮೈದಾನ ಬಿಟ್ಟು ಇಲ್ಲಿಗೆ ಬಂದವರೇ. ನಾನು ನಡೆದ ದಾರಿಯಲ್ಲೇ ಒಂದಿಡೀ ಫುಟ್‌ಬಾಲ್ ಕ್ಲಬ್ಬು ನಡೆದುಬಂದಿದೆ!

ಆದರೆ ನನ್ನನ್ನು ಬೆರಗಾಗಿಸಿದ್ದು ಮಾಸ್ಕೊ. 2013ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಬೋಟ್ಸ್ವಾನಾದ ಅಮಾಂಟ್ಲೆ ಮೊಂಟ್ಷೊ ಬಹುತೇಕ ಗೆದ್ದೇ ಬಿಟ್ಟಿದ್ದಳು. ಗೆರೆಯ ಬಳಿ ಕ್ರಿಸ್ಟೀನ್ ಎದೆ ಮುಂದೊಡ್ಡಿ ಬಾಗಿದಳು. ಇಬ್ಬರಿಗೂ 49.41. ಗೆರೆ ದಾಟಿದ ಕ್ಷಣದ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಗೆದ್ದವಳು ಕ್ರಿಸ್ಟೀನ್, ಅಂತರ ಸೆಕೆಂಡಿನ ಸಾವಿರದ ನಾಲ್ಕು ಪಾಲು. ಆ ವೇಗಕ್ಕೆ ಲೆಕ್ಕ ಹಾಕಿದರೆ ಸುಮಾರು ಮೂರು ಸೆಂಟಿಮೀಟರು, ಎರಡು ಬೆರಳಗಲ. 1984ರ ಲಾಸ್ ಏಂಜಲೀಸ್‌ನಲ್ಲಿ ನಮ್ಮ ಪಿ.ಟಿ. ಉಷಾ ಕಂಚು ಕಳೆದುಕೊಂಡದ್ದು ನೂರರ ಒಂದು ಪಾಲಿನಿಂದ. ಅದರ ಅರ್ಧವೂ ಇಲ್ಲ ಇದು. ಅದೇ ಲಾಸ್ ಏಂಜಲೀಸ್‌ನಲ್ಲಿ ಕ್ಯಾಥಿ ಕುಕ್ 49.43ರಲ್ಲಿ ಓಡಿ ಬರೆದಿದ್ದ ಬ್ರಿಟಿಷ್ ದಾಖಲೆಯನ್ನೂ ಈ ಓಟ ಅಳಿಸಿತು. ಕ್ರಿಸ್ಟೀನ್ ಹುಟ್ಟಿದ ವರ್ಷದ ದಾಖಲೆ ಅದು!

ಕ್ರೀಡಾಂಗಣದ ಪಕ್ಕದಲ್ಲೇ ಇನ್ನೊಂದು ಟ್ರ್ಯಾಕಿದೆ. ಒಲಿಂಪಿಕ್ಸ್ ವೇಳೆ ಓಟಗಾರರು ಮೈ ಬಿಸಿ ಮಾಡಿಕೊಂಡ ಜಾಗ. ಈಗ ಆಕೆಯ ಕ್ಲಬ್ಬು ನ್ಯೂಹ್ಯಾಮ್ ಅಂಡ್ ಎಸೆಕ್ಸ್ ಬೀಗಲ್ಸ್‌ನ ನೆಲೆ. ಬೇಲಿಯಾಚೆ ಎಲ್ಲ ಬಣ್ಣದ ಮಕ್ಕಳೂ ಓಡುತ್ತಿದ್ದರು. ಕ್ರಿಸ್ಟೀನ್‌ಳ ತಂಗಿ ವಿಕ್ಟೋರಿಯಾಳೂ 400 ಮೀಟರ್ ಓಟಗಾರ್ತಿಯೇ. 2024ರ ಪ್ಯಾರಿಸ್ ರಿಲೇಯಲ್ಲಿ ಕಂಚು ಗೆದ್ದಳು. ಅಕ್ಕ ಅಷ್ಟರಲ್ಲಿ ನಿವೃತ್ತಳಾಗಿ ಕಾನೂನು ಓದಿಕೊಂಡಿದ್ದಳು. ಮೊದಲು ಓದಿದ್ದು ಭಾಷಾಶಾಸ್ತ್ರ, ಅದರಲ್ಲೂ ಬೈಗುಳಗಳ ಅಧ್ಯಯನ!

ಒಂದು ಸುತ್ತು ನಡೆದು ನೋಡಲೇ ಎಂದು ಬಾಗಿಲಲ್ಲಿ ನಿಂತಿದ್ದ ತರಬೇತುದಾರರನ್ನು ಕೇಳಿದೆ. ಅವರು ನನ್ನ ಬೂಟನ್ನೊಮ್ಮೆ, ಹೊಟ್ಟೆಯನ್ನೊಮ್ಮೆ ನೋಡಿದರು. "ನಡೀರಿ ಸಾರ್, ಆದರೆ ಹೊರಗಿನ ಲೇನಲ್ಲಿ. ಒಳಗಿನದರಲ್ಲಿ ಹನ್ನೊಂದು ವರ್ಷದವರು ಬರ್ತಿದ್ದಾರೆ, ನಿಮಗೆ ಗುದ್ದಿಯಾರು."